ಹದ್ದುಗುಂಡಿನ ಓತಿಕ್ಯಾತ

ಭಾನುವಾರ ಬೆಳಗ್ಗೆ ಆರೂವರೆಗೆ ಜಗದಾಂಬಾ ಎದ್ದು ಬಂದು ನೋಡಿದರೆ ಗಂಡ ಚನ್ನವೀರೇಶ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಅವಳ ಇಳಕಲ್ ಸೀರೆಗೆ ಇಸ್ತ್ರಿ ಹಾಕುತ್ತಿದ್ದ. ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ತನ್ನ ಅಂಗಿಗೂ ಇಸ್ತ್ರಿಪೆಟ್ಟಿಗೆ ಮುಟ್ಟದ ಗಂಡಸು. ಸೆರಗಿನ ಮೇಲೆ ನೀರು ಚಿಮುಕಿಸಿ, ತುಟಿ ಕಚ್ಚಿಕೊಂಡು, ಎಳೆಗೂಸಿಗೆ ಎಣ್ಣೆ ಹಚ್ಚುವವನ ಹಾಗೆ ಪೆಟ್ಟಿಗೆಯನ್ನು ಮೆಲ್ಲಗೆ ಎಳೆಯುತ್ತಿದ್ದ. ಜಗದಾಂಬಾಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಸಂಜೆ ಐದಕ್ಕೆ ವಿಜಯನಗರದಲ್ಲಿ, ಬೆಟ್ಟ ಹತ್ತುವ ಗುಂಪಿನ ನಾಣಿಯ ದರ್ಶಿನಿಯ ಮಹಡಿಯಲ್ಲಿ, ಅವಳಿಗೆ ಸನ್ಮಾನವಿತ್ತು. ಶಾಲು, ಏಲಕ್ಕಿ ಹಾರ, ಮೈಸೂರು ಪೇಟ, ಆಮೇಲೆ ಕೇಸರಿಬಾತು. ನಲವತ್ತು ಬೆಟ್ಟ ಹತ್ತಿ ನಲವತ್ತು ಅಳತೆಗಲ್ಲು ಮುಟ್ಟಿದ, ಗುಂಪಿನ ಮೊದಲ ಮಹಿಳೆ ಎಂದು ಬ್ಯಾನರ್ ಕೂಡ ಪ್ರಿಂಟಾಗಿತ್ತು. ಚನ್ನವೀರೇಶ ದಾವಣಗೆರೆಯ ಅಕ್ಕಂದಿರಿಗೆಲ್ಲ ಫೋನು ಮಾಡಿ ಹೇಳಿದ್ದ. ಬಸವೇಶ್ವರನಗರದ ತಮ್ಮ ಮನೆಯ ಮೇಲಿನ ಪೋರ್ಷನ್‌ನಲ್ಲಿ ಬಾಡಿಗೆಗಿದ್ದವರಿಗೂ ಹೇಳಿದ್ದ. ಅವಳು ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟಿಕೊಳ್ಳುವುದನ್ನು ಕಂಡು ಪೆಟ್ಟಿಗೆ ನಿಲ್ಲಿಸಿದ.

“ಇವತ್ತೂ ಹೊಂಟಿಯಾ? ಯಾವ ಬೆಟ್ಟ?”

“ಹದ್ದುಗುಂಡು.”

“ಅದು ಆಗೇತಲ್ಲ. ಮೂವತ್ತೆರಡನೇದು.”

ಅವನು ತನ್ನ ಬೆಟ್ಟಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದಾನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಇನ್ನೊಂದು ಸಲ ನೋಡಿಕೊಂಡು ಹನ್ನೆರಡರೊಳಗೆ ಬಂದುಬಿಡುತ್ತೇನೆ ಎಂದಳು. ಹೆಚ್ಚು ಕೇಳುವವನಲ್ಲ ಅವನು. ಮತ್ತೆ ಸೆರಗಿನ ಮೇಲೆ ಬಗ್ಗಿ, “ಹಂಗಾದ್ರ ಆ ಓತಿಕ್ಯಾತಕ್ಕ ನನ್ನ ನಮಸ್ಕಾರ ಹೇಳು,” ಅಂದ.

ಆ ಓತಿಕ್ಯಾತವನ್ನು ಅವಳು ನೋಡಿರಲಿಲ್ಲ. ಹದ್ದುಗುಂಡಿನ ತುದಿಯನ್ನೂ ನೋಡಿರಲಿಲ್ಲ. ಸ್ಕೂಟರು ಮಾಗಡಿ ರಸ್ತೆ ದಾಟಿ ವಿಜಯನಗರದ ಕಡೆ ತಿರುಗಿದಾಗ ಈ ಮಾತನ್ನು ಹೆಲ್ಮೆಟ್ಟಿನೊಳಗೆ ಒಂದು ಸಲ ಬಾಯಿಬಿಟ್ಟು ಹೇಳಿಕೊಂಡಳು. ಗಾಜಿಗೆ ಉಸಿರು ಕಟ್ಟಿಕೊಂಡು ಎದುರಿನ ಆಟೊ ಮಸುಕಾಯಿತು. ಇನ್ನೂರು ವರ್ಷದ ಹಿಂದೆ ನೆಲ ಅಳೆಯಲು ಬಂದ ಇಂಗ್ಲಿಷರು ಬೆಟ್ಟದ ತುದಿಗಳಲ್ಲಿ ಒಂದೊಂದು ಅಳತೆಗಲ್ಲು ನೆಟ್ಟು, ಅದರ ನೆತ್ತಿಯ ಮೇಲೆ ಒಂದು ವೃತ್ತ, ವೃತ್ತದ ನಡುವೆ ಒಂದು ಚುಕ್ಕೆ ಕೆತ್ತಿ, ಸುತ್ತ ಕಲ್ಲುಗುಡ್ಡೆ ಪೇರಿಸಿ ಹೋಗಿದ್ದರು. ಈಗ ಆ ಕಲ್ಲುಗಳಿಗೆ ಕೆಲಸವಿಲ್ಲ. ಕೆಲಸವಿಲ್ಲದ ಕಲ್ಲನ್ನು ಕೆಲಸವಿಲ್ಲದವರು ಹುಡುಕುತ್ತೀರಿ ಎಂದು ಚನ್ನವೀರೇಶ ಮೊದಮೊದಲು ಗೇಲಿ ಮಾಡಿದ್ದ. ಮೊಬೈಲಿನಲ್ಲಿ ಗುಂಪಿನದೊಂದು ಪಟ್ಟಿ. ಕಲ್ಲಿರುವ ಜಾಗ ನೋಡಿಕೊಂಡು ಹೋಗುವುದು, ಹುಡುಕುವುದು, ಕಂಡದ್ದನ್ನು ಬರೆಯುವುದು, ಇಷ್ಟೇ ಆಟ. ಪಟ್ಟಿಯಲ್ಲಿ ಮೂರು ಕಾಲಮ್ಮುಗಳಿದ್ದವು: ಸಿಕ್ಕಿತು, ಸಿಗಲಿಲ್ಲ, ಹತ್ತಲಾಗಲಿಲ್ಲ. ಮೂರನೆಯದರಲ್ಲಿ ಈವರೆಗೆ ಯಾರೂ ಒಂದಕ್ಷರ ಬರೆದಿರಲಿಲ್ಲ. ಗುಂಪು ಕಟ್ಟಿದವರು ಚಂದ್ರಾ ಲೇಔಟಿನ ಮೋಹನ್ ಕುಮಾರ್, ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದವರು, ಅರವತ್ತೇಳು ವಯಸ್ಸು, ತಲೆಯ ಮೇಲೆ ಸದಾ ಒಂದು ಬಿಳಿ ಟೋಪಿ. ಅವರದು ಒಂದೇ ನಿಯಮ. ಅಂಗೈ ಇಟ್ಟು ಮುಟ್ಟದೆ ಬರೆಯಬಾರದು. ಫೋಟೋ ಬೇಡ, ಫೋಟೋ ಕೇಳಿದೆವೆಂದರೆ ಮನುಷ್ಯರ ಮಾತನ್ನು ನಂಬಲಿಲ್ಲ ಅಂತಾಯಿತು ಎನ್ನುತ್ತಿದ್ದರು. ಆ ಮಾತು ಕೇಳಿಯೇ ಜಗದಾಂಬಾ ಗುಂಪಿಗೆ ಸೇರಿದ್ದು. ದಿನಾ ಬೆಳಗ್ಗೆ ಇಷ್ಟಲಿಂಗ ಹಿಡಿದು ಪೂಜೆ ಮಾಡುವ ಎಡಗೈಯನ್ನೇ ಅವಳು ಮೊದಲ ಕಲ್ಲಿನ ಮೇಲೆ ಯೋಚಿಸದೆ ಇಟ್ಟಿದ್ದಳು, ಆಮೇಲೆ ಅದೇ ರೂಢಿಯಾಯಿತು. ಫೆಬ್ರವರಿಯಿಂದೀಚೆಗೆ ಪೂಜೆಗೆ ಕೂತರೆ ಆ ಅಂಗೈಯನ್ನು ನೋಡಲು ಅವಳಿಗೆ ನಾಚಿಕೆ.

ನಾಯಂಡಹಳ್ಳಿಯ ಸಿಗ್ನಲಿನಲ್ಲಿ ಕಾಲೂರಿ ನಿಂತಳು. ಫೆಬ್ರವರಿಯಲ್ಲಿ ಹದ್ದುಗುಂಡಿಗೆ ಹೊರಟ ದಿನವೂ ಇಲ್ಲೇ ಕೆಂಪು ದೀಪ ಬಿದ್ದಿತ್ತು. ಆಗ ಅವಳ ಲೆಕ್ಕ ಮೂವತ್ತೊಂದು, ಬಿಂದುಶ್ರೀಯದೂ ಮೂವತ್ತೊಂದು. ಬಿಂದುಶ್ರೀಗೆ ಇಪ್ಪತ್ತೆಂಟು ವಯಸ್ಸು, ಆರ್‌ಪಿಸಿ ಲೇಔಟಿನಲ್ಲಿ ಯೋಗ ಹೇಳಿಕೊಡುತ್ತಾಳೆ, ಬೆಟ್ಟವನ್ನು ಮನೆಯ ಮೆಟ್ಟಿಲಿನ ಹಾಗೆ ಹತ್ತುತ್ತಾಳೆ. ಆ ಹುಡುಗಿಯ ಮೇಲೆ ತನಗೆ ಹೊಟ್ಟೆಕಿಚ್ಚು ಎಂಬುದನ್ನು ಜಗದಾಂಬಾ ಆವತ್ತಿನವರೆಗೆ ಒಪ್ಪಿಕೊಂಡಿರಲಿಲ್ಲ. ಒಬ್ಬಳೇ ಹತ್ತುವಾಗ ಬೆಟ್ಟದ ನಡುವಿನಲ್ಲಿ ಉಸಿರು ಸಿಕ್ಕಿಹಾಕಿಕೊಂಡಿತು. ಒಂದು ಚಪ್ಪಟೆ ಬಂಡೆಯ ಮೇಲೆ ಕೂತಳು. ಮೇಲಿನಿಂದ ಇಳಿದು ಬರುತ್ತಿದ್ದ ಗಂಡುಹೆಣ್ಣಿನ ಜೋಡಿಯೊಂದು ನಿಂತು ನೀರು ಕೊಟ್ಟಿತು. ಆಂಟಿ, ಇನ್ನೂ ಅರ್ಧ ಇದೆ, ಈ ವಯಸ್ಸಲ್ಲಿ ಯಾಕೆ ರಿಸ್ಕು, ವಾಪಸ್ ಹೋಗಿ ಎಂದು ಜೋಡಿಯಲ್ಲಿದ್ದ ಹುಡುಗಿ ತುಂಬ ಪ್ರೀತಿಯಿಂದ ಹೇಳಿದಳು. ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವರು ಮರೆಯಾದ ಮೇಲೆ ಅವಳು ಮೊಬೈಲು ತೆಗೆದು, ಕೂತಲ್ಲೇ, ‘ಸಿಕ್ಕಿತು’ ಎಂಬ ಕಡೆ ಬರೆದಳು. ಗುರುತು ಸ್ಪಷ್ಟ. ವೃತ್ತ, ನಡುವೆ ಚುಕ್ಕೆ. ಕಲ್ಲುಗುಡ್ಡೆ ಅರ್ಧ ಉಳಿದಿದೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬರೀ ಇಷ್ಟಾದರೆ ಸುಳ್ಳೆಂದು ಗೊತ್ತಾಗಿಬಿಡುತ್ತದೆ ಅನ್ನಿಸಿ, ಪಕ್ಕದಲ್ಲಿ ಒಂದು ಓತಿಕ್ಯಾತ ಬಿಸಿಲು ಕಾಯಿಸುತ್ತ ಕೂತಿತ್ತು, ನನ್ನನ್ನು ಕಂಡು ತಲೆ ಆಡಿಸಿತು ಎಂದು ಸೇರಿಸಿದಳು. ಆ ಓತಿಕ್ಯಾತ ಗುಂಪಿನಲ್ಲಿ ಹೆಸರುವಾಸಿಯಾಯಿತು. ಏಪ್ರಿಲ್‌ನಲ್ಲಿ ಮೋಹನ್ ಕುಮಾರ್ ಅದೇ ಬೆಟ್ಟಕ್ಕೆ ಹೋಗಿ ಬಂದು ಬರೆದರು: ಕಲ್ಲು ಜಗದಾಂಬಾ ಮೇಡಂ ವರ್ಣಿಸಿದಂತೆಯೇ ಇದೆ, ಓತಿಕ್ಯಾತ ಮಾತ್ರ ರಜೆಯಲ್ಲಿತ್ತು. ಜೂನ್‌ನಲ್ಲಿ ಬಿಂದುಶ್ರೀ ಬರೆದಳು: ಕಲ್ಲು ಸೂಪರ್, ಓತಿಕ್ಯಾತವೂ ಸಿಕ್ತು.

ಅದನ್ನೆಲ್ಲ ಓದಿದಾಗ ಅವಳಿಗೆ ಎಷ್ಟು ಹಗುರವಾಗಿತ್ತು ಎಂಬುದನ್ನು ನೆನೆದರೆ ಈಗ ಮೈ ಬಿಸಿಯಾಗುತ್ತದೆ. ಸುಳ್ಳು ತಾನಾಗಿಯೇ ನಿಜವಾಗಿಬಿಟ್ಟಿತ್ತು. ಕಲ್ಲು ಅಲ್ಲಿದೆ, ಗುರುತು ಸ್ಪಷ್ಟವಾಗಿದೆ, ಓತಿಕ್ಯಾತ ಕೂಡ ಇದೆ. ತಾನೊಬ್ಬಳು ಅಲ್ಲಿರಲಿಲ್ಲ, ಅಷ್ಟೇ ತಾನೆ. ಬಸವೇಶ್ವರನಗರದ ಸಣ್ಣ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಅವಳು ಜನರ ರಕ್ತ ಪರೀಕ್ಷೆ ಮಾಡುತ್ತಿದ್ದಾಳೆ. ಕಣ್ಣಾರೆ ನೋಡದ ಒಂದು ಅಂಕಿಯನ್ನೂ ರಿಪೋರ್ಟಿನಲ್ಲಿ ಬರೆದವಳಲ್ಲ. ಒಮ್ಮೆ ಮೆಷಿನ್ನಿನ ಮೇಲೆ ಅನುಮಾನ ಬಂದು ಒಂದೇ ರಕ್ತವನ್ನು ಮೂರು ಸಲ ನೋಡಿದ್ದಕ್ಕೆ ಡಾಕ್ಟರ್ ಕೊಟ್ರಪ್ಪ ಎಲ್ಲರೆದುರು ಕೂಗಾಡಿದ್ದರು. ಮೂರನೆಯ ಸಲದ ಅಂಕಿಯೇ ಸರಿ ಎಂದು ಗೊತ್ತಾದ ಮೇಲೆ, ನೀವು ಬರೆದರೆ ನಾನು ಎರಡನೇ ಸಲ ನೋಡಲ್ಲಮ್ಮ ಅಂದಿದ್ದರು. ಆ ಮಾತನ್ನು ಅವಳು ಯಾವ ಒಡವೆಯನ್ನೂ ಇಟ್ಟುಕೊಳ್ಳದಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದಳು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಚನ್ನವೀರೇಶ ಅವಳ ತಲೆಗೆ ಟವೆಲ್ಲು ಸುತ್ತಿ ಪೇಟ ಎಷ್ಟು ಒಪ್ಪುತ್ತದೆ ನೋಡೋಣ ಅಂದ. ಅವಳು ಟವೆಲ್ಲು ಬಿಚ್ಚಿ ಪಕ್ಕಕ್ಕಿಟ್ಟಳು. ಆಗಲೇ ನಿರ್ಧರಿಸಿದ್ದು. ಐದು ಗಂಟೆಯೊಳಗೆ ಹೋಗಿ ಮುಟ್ಟಿ ಬಂದುಬಿಡುವುದು. ಯಾರಿಗೂ ಹೇಳಬೇಕಾಗಿಲ್ಲ. ಮುಟ್ಟಿಬಿಟ್ಟರೆ ನಲವತ್ತು ನಲವತ್ತೇ ಆಗುತ್ತದೆ, ಆ ಶಾಲನ್ನು ಹೆದರದೆ ಹೊದೆಯಬಹುದು.

ಕೆಂಗೇರಿ ದಾಟಿ, ಹೊಸ ಲೇಔಟುಗಳ ಕಾಂಪೌಂಡು ಮುಗಿದು, ಟಾರು ಮುಗಿದು, ಹದ್ದುಗುಂಡಿನ ಬುಡದಲ್ಲಿ ಸ್ಕೂಟರು ನಿಲ್ಲಿಸಿದಾಗ ಎಂಟೂಕಾಲು. ಅಕ್ಟೋಬರಿನ ಬಿಸಿಲು ಇನ್ನೂ ಎಳೆಯದು. ಹತ್ತು ಹೆಜ್ಜೆ, ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ಮೊದಲ ಸಲ ತಾನು ಓಡಿದ್ದೆ ಎಂದು ಅವಳಿಗೆ ಈಗ ಗೊತ್ತಾಯಿತು. ಬೆಟ್ಟವನ್ನಲ್ಲ, ಬಿಂದುಶ್ರೀಯನ್ನು ಹತ್ತುತ್ತಿದ್ದೆ. ಚಪ್ಪಟೆ ಬಂಡೆ ಬಂತು. ಅದರ ಮುಂದೆ ಹಾದು ಹೋಗುವಾಗ ಬೀದಿಯಲ್ಲಿ ಸಾಲ ಕೊಟ್ಟವನನ್ನು ಕಂಡವಳ ಹಾಗೆ ಮುಖ ತಿರುಗಿಸಿಕೊಂಡಳು, ತನ್ನ ಈ ವರ್ತನೆಗೆ ತಾನೇ ನಕ್ಕಳು, ಆದರೂ ಕೂರಲಿಲ್ಲ. ಬಂಡೆಯ ಆಚೆ ದಾರಿ ಅವಳಿಗೆ ಹೊಸದು. ಎಂಟು ತಿಂಗಳಿಂದ ಮನಸ್ಸಿನಲ್ಲಿ ಹತ್ತಿದ ದಾರಿ ಬೇರೆ ಥರ ಇತ್ತು, ಕಡಿದಾಗಿತ್ತು, ಮುಳ್ಳಾಗಿತ್ತು. ನಿಜವಾದದ್ದು ಇಷ್ಟೊಂದು ಸುಲಭ. ಹುಲ್ಲು, ಲಂಟಾನ, ಅಲ್ಲಲ್ಲಿ ಸೀತಾಫಲ, ಮೇಕೆಗಳು ಓಡಾಡಿದ ಸವಕಲು ಕಾಲುದಾರಿ. ಇನ್ನು ಇಪ್ಪತ್ತೈದು ನಿಮಿಷ ತಡೆದಿದ್ದರೆ ಆವತ್ತೇ ಮುಟ್ಟುತ್ತಿದ್ದೆ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ತುದಿಯಲ್ಲಿ ಕಲ್ಲಿರಲಿಲ್ಲ. ಮೊಬೈಲು ಇದೇ ಜಾಗ ಎಂದಿತು. ನಾಲ್ಕು ಹೆಜ್ಜೆ ಆಚೆ ಹೋದಳು, ಮೊಬೈಲು ಮತ್ತೆ ಹಿಂದಕ್ಕೆ ಕರೆಯಿತು. ಅಲ್ಲಿದ್ದದ್ದು ಮಂಡಿಮಟ್ಟದ ಒಂದು ಗುಂಡಿ, ಅಂಚಿನಲ್ಲಿ ಚೆದುರಿದ ದಪ್ಪ ಕಲ್ಲುಗಳು, ಗುಂಡಿಯ ತಳದಿಂದ ಎದ್ದು ಅವಳ ತಲೆಗಿಂತ ಎತ್ತರ ಬೆಳೆದ ಸೀತಾಫಲದ ಗಿಡ. ಅವಳು ಬಾಗಿ ಒಂದೊಂದೇ ಕಲ್ಲು ಮಗುಚಿ ವೃತ್ತ ಹುಡುಕಿದಳು. ಮೇಕೆಗಳ ಹಿಂದೆ ಬರುತ್ತಿದ್ದ ಮುದುಕಿಯೊಬ್ಬಳು ಮಡಿಲಲ್ಲಿ ಸೀತಾಫಲ ತುಂಬಿಕೊಂಡು, ಸ್ವಲ್ಪ ಹೊತ್ತು ಇದನ್ನು ನೋಡಿ, ಏನು ತಡಕುತ್ತಾ ಇದ್ದೀಯ ಎಂದು ಕೇಳಿದಳು. ಹೆಸರು ಲಿಂಗಮ್ಮ, ಬೆಟ್ಟದ ಕೆಳಗಿನ ಹಳ್ಳಿಯವಳು. ಇಲ್ಲಿ ಗುಂಡಗೆ ಗೆರೆ ಕೆತ್ತಿದ ಒಂದು ಕಲ್ಲಿತ್ತಲ್ಲ ಎಂದಳು ಜಗದಾಂಬಾ.

“ಅದ್ನ ಕಿತ್ತಾಕಿ ಯಾವ ಕಾಲ ಆಯ್ತು ಕಣವ್ವ. ದೊರೆಗೋಳು ಕಲ್ಲಡೀಲಿ ಹೊನ್ನು ಹೂತವ್ರೆ ಅಂತ ಅಗದ್ರು. ಏನ್ ಸಿಕ್ತು? ಮಣ್ಣು. ನನ್ ಮಗಳ ಮದ್ವೆ ವರ್ಸ ಅದು. ಮೊಮ್ಮಗ ಈಗ ಕಾಲೇಜಿಗೆ ಹೋಯ್ತನೆ.”

ಲಿಂಗಮ್ಮ ಎರಡು ಹಣ್ಣು ಅವಳ ಕೈಗಿಟ್ಟು ಮೇಕೆಗಳ ಹಿಂದೆ ಹೋದಳು. ಜಗದಾಂಬಾ ಗುಂಡಿಯ ಅಂಚಿನಲ್ಲಿ ಕೂತಳು. ಮಗಳ ಮದುವೆ, ಕಾಲೇಜಿಗೆ ಹೋಗುವ ಮೊಮ್ಮಗ. ಅಂದರೆ ಫೆಬ್ರವರಿಯಲ್ಲಿ ಕಲ್ಲಿರಲಿಲ್ಲ. ಏಪ್ರಿಲ್‌ನಲ್ಲೂ ಇರಲಿಲ್ಲ, ಜೂನ್‌ನಲ್ಲೂ ಇರಲಿಲ್ಲ. ಅವಳು ಬರೆದದ್ದನ್ನು ಮೋಹನ್ ಕುಮಾರ್ ನೋಡಿ ಬರೆದಿದ್ದರು, ಇಬ್ಬರದನ್ನೂ ನೋಡಿ ಬಿಂದುಶ್ರೀ ಬರೆದಿದ್ದಳು, ಜೊತೆಗೆ ಇಲ್ಲದ ಓತಿಕ್ಯಾತಕ್ಕೂ ಸಾಕ್ಷಿ ಹೇಳಿದ್ದಳು. ಮೊದಲು ಅವಳಿಗೆ ನಗು ಬಂತು, ಒಬ್ಬಳೇ ಗಟ್ಟಿಯಾಗಿ ನಕ್ಕಳು. ಆಮೇಲೆ ಸಿಟ್ಟು ಬಂತು. ಅಂಗೈ ಇಟ್ಟು ಮುಟ್ಟದೆ ಬರೆಯಬಾರದು ಎಂದು ಎರಡು ಬೆರಳೆತ್ತಿ ಉಪದೇಶ ಮಾಡುವ ಮನುಷ್ಯ! ಸಿಟ್ಟು ಇಳಿದ ಮೇಲೆ ಉಳಿದದ್ದು ಹೆದರಿಕೆ. ಅವಳು ಒಂದು ಕಲ್ಲನ್ನು ಮುಟ್ಟಿ ಗುಟ್ಟಾಗಿ ಹಿಂತಿರುಗಲು ಬಂದಿದ್ದಳು, ಈಗ ಮುಟ್ಟಲು ಕಲ್ಲೇ ಇಲ್ಲ. ನಿಜ ಬರೆದರೆ ಅವಳ ಜೊತೆ ಇನ್ನಿಬ್ಬರ ಮಾನವೂ ಹೋಗುತ್ತದೆ, ಅದೂ ಮೋಹನ್ ಕುಮಾರ್ ತಮ್ಮ ಕೈಯಾರೆ ಅವಳಿಗೆ ಶಾಲು ಹೊದಿಸುವ ದಿನ. ಬರೆಯದಿದ್ದರೆ ಚನ್ನವೀರೇಶ ಇಸ್ತ್ರಿ ಮಾಡಿದ ಸೀರೆ ಉಟ್ಟು, ಇಲ್ಲದ ಕಲ್ಲಿಗೆ ಹಾರ ಹಾಕಿಸಿಕೊಳ್ಳಬೇಕು. ಬಹಳ ಹೊತ್ತು ಕೂತಿದ್ದಳು. ದೂರದಲ್ಲಿ ಕೆಂಗೇರಿಯ ಕಡೆಗೆ ಮೆಟ್ರೊ ಸಣ್ಣಗೆ ಹರಿದು ಹೋಯಿತು. ಕೊನೆಗೆ ಅವಳು ಮೋಹನ್ ಕುಮಾರರಿಗೆ ಫೋನು ಮಾಡಿದಳು.

“ಸಾರ್, ನಾನು ಹದ್ದುಗುಂಡಿನ ಮೇಲಿದೀನಿ. ಇಲ್ಲಿ ಕಲ್ಲಿಲ್ಲ.”

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಹೆಂಡತಿ ಹೋದ ಮೇಲೆ ಮೋಹನ್ ಕುಮಾರ್ ಅಡಿಗೆ ತಾವೇ ಮಾಡಿಕೊಳ್ಳುತ್ತಾರೆ. ಅವರು ಬಹಳ ಸಾವಧಾನವಾಗಿ, “ಈಚೆಗೆ ಯಾರೋ ಕಿತ್ತಿರ್ಬೇಕು ಮೇಡಂ,” ಅಂದರು.

ಅದೊಂದು ಬಾಗಿಲು ಎಂದು ಅವಳಿಗೆ ತಕ್ಷಣ ತಿಳಿಯಿತು. ಹೂಂ ಎಂದುಬಿಟ್ಟರೆ ಸಾಕು, ಮೂವರೂ ಅದರಲ್ಲಿ ನುಸುಳಿ ಹೊರಗೆ ಹೋಗಬಹುದು. ಮೊನ್ನೆ ಮೊನ್ನೆ ಯಾರೋ ನಿಧಿಗಳ್ಳರು ಕಿತ್ತರು, ಅಯ್ಯೋ ಪಾಪ ಎಂದು ನಾಲ್ಕು ಜನ ಸೇರಿ ಮರುಗಬಹುದು. ಹೂಂ ಎನ್ನುವ ಆಸೆ ಅವಳ ನಾಲಗೆಯ ತುದಿಗೆ ಬಂದಿತ್ತು. ಎಡಗೈಯಲ್ಲಿ ಲಿಂಗಮ್ಮ ಕೊಟ್ಟ ಹಣ್ಣು ಮೆತ್ತಗಾಗಿ ಅಂಟಿಕೊಂಡಿತ್ತು.

“ಗುಂಡೀಲಿ ಸೀತಾಫಲದ ಗಿಡ ಬೆಳೆದಿದೆ ಸಾರ್. ನನಗಿಂತ ಎತ್ತರ ಇದೆ. ಹಣ್ಣು ಬಿಟ್ಟಿದೆ.” ಉಸಿರು ತೆಗೆದುಕೊಂಡಳು. “ನಾನು ಅವತ್ತು ಮೇಲಕ್ಕೆ ಬರಲೇ ಇಲ್ಲ. ಅರ್ಧದಲ್ಲಿ ಕೂತ್ಕೊಂಡು ಬರೆದೆ. ಓತಿಕ್ಯಾತಾನೂ ಸುಳ್ಳು.”

ಆ ಕಡೆ ಕುರ್ಚಿ ಎಳೆದು ಕೂತ ಸದ್ದಾಯಿತು.

“ಅರ್ಧದಲ್ಲಿ ಅಂದ್ರೆ,” ಅಂದರು ಮೋಹನ್ ಕುಮಾರ್, “ಆ ಚಪ್ಪಟೆ ಬಂಡೆ ಮೇಲಾ?”

“ಹೂಂ ಸಾರ್.”

“ಕೂರೋಕೆ ಚೆನ್ನಾಗಿದೆ ಅದು.” ಮತ್ತೆ ಕುಕ್ಕರು ಕೂಗಿತು, ಅವರು ಒಲೆ ಆರಿಸಿದ್ದು ಕೇಳಿಸಿತು. “ಅಲ್ಲೇ ಇರಿ ಮೇಡಂ. ನಾನು ಬರ್ತೀನಿ.”

ಅವಳು ಮನೆಗೆ ಫೋನು ಮಾಡಿ ಬರುವುದು ತಡವಾಗುತ್ತದೆ ಎಂದು ಹೇಳಿದಳು. ಹನ್ನೊಂದೂವರೆಯ ಹೊತ್ತಿಗೆ ಕೆಳಗೆ ಲಂಟಾನದ ನಡುವೆ ಬಿಳಿ ಟೋಪಿಯೊಂದು ಕಾಣಿಸಿತು. ಹತ್ತು ಹೆಜ್ಜೆ, ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ಅವಳು ಚಪ್ಪಟೆ ಬಂಡೆಯವರೆಗೆ ಇಳಿದು ಹೋದಳು. ಅವರ ಮುಖ ಕೆಂಪೇರಿತ್ತು, ಅಂಗಿ ಬೆವರಿನಲ್ಲಿ ನೆನೆದಿತ್ತು, ಒಂದು ಕೈಯಲ್ಲಿ ದೊಣ್ಣೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಬಂಡೆಯನ್ನು ನೋಡಿದರು. ಕೂತುಕೊಳ್ಳಿ ಎಂದಳು. ಬೇಡ, ಇಲ್ಲಿ ಕೂತರೆ ಏಳುವುದಿಲ್ಲ ಅಂದರು. ಹತ್ತುತ್ತ ಹತ್ತುತ್ತ, ಅವಳಿಗೆ ಬೆನ್ನು ಮಾಡಿಕೊಂಡೇ, ಬಿಡಿಬಿಡಿಯಾಗಿ ಹೇಳಿದರು. ಏಪ್ರಿಲ್‌ನಲ್ಲಿ ಮಂಡಿ ಕೈಕೊಟ್ಟಿತು. ಹಿಂತಿರುಗಿ ಹೋಗಿ ಏನೆಂದು ಬರೆಯುವುದು, ನಿಯಮ ಮಾಡಿದವನಿಗೇ ಆಗಲಿಲ್ಲ ಅಂತಲೇ? ಆ ಮೂರನೇ ಕಾಲಮ್ಮು ಹಾಕಿದವರು ಅವರೇ, ಬೇರೆಯವರಿಗೆಂದು ಹಾಕಿದ್ದು.

“ನೀವು ಬರೆದಿದ್ರಲ್ಲ ಮೇಡಂ. ನೀವು ಬರೆದಿದ್ರೆ ಕಲ್ಲು ಅಲ್ಲಿದ್ದೇ ಇರುತ್ತೆ ಅಂತ ನಂಬ್ಕೊಂಡುಬಿಟ್ಟೆ.”

ಎಂಟು ತಿಂಗಳಲ್ಲಿ ಅವಳನ್ನು ಅಷ್ಟು ನೋಯಿಸಿದ ಮಾತು ಬೇರೆ ಇರಲಿಲ್ಲ. ಅದು ಬೈಗುಳವಾಗಿರಲಿಲ್ಲ, ಅದಕ್ಕೇ ನೋವಾಯಿತು. ಕ್ಷಮಿಸಿ ಸಾರ್ ಅಂದಳು. ಅವರು ದೊಣ್ಣೆ ಊರಿ ನಿಂತು, ಇಲ್ಲಿ ಯಾರು ಯಾರನ್ನ ಕ್ಷಮಿಸೋದು ಎಂದು ಅವಳತ್ತ ತಿರುಗಿದರು. ಆವತ್ತು ಮೊದಲ ಸಲ ಇಬ್ಬರ ಕಣ್ಣೂ ಸೇರಿದವು, ಇಬ್ಬರಿಗೂ ಒಟ್ಟಿಗೆ ನಗು ಬಂತು. ನಗುತ್ತ ನಿಂತರೆ ಮಂಡಿಗೆ ಇನ್ನೂ ಕಷ್ಟ ಎಂದು ಅವರು ನಗು ನಿಲ್ಲಿಸಿ ಹತ್ತಿದರು. ಒಂದು ಬಂಡೆಯ ಬಳಿ ಅವಳು ಕೈ ಕೊಟ್ಟಳು, ಅವರು ಬೇಡ ಅನ್ನಲಿಲ್ಲ.

ತುದಿಯಲ್ಲಿ ಮೋಹನ್ ಕುಮಾರ್ ಟೋಪಿ ತೆಗೆದರು. ಗುಂಡಿಯನ್ನು ಒಂದು ಸುತ್ತು ಬಂದರು. ಆಮೇಲೆ ಕಷ್ಟಪಟ್ಟು ಬಾಗಿ, ಕಲ್ಲಿದ್ದ ಜಾಗದ ಮಣ್ಣಿನ ಮೇಲೆ ಅಂಗೈ ಇಟ್ಟರು. ಜಗದಾಂಬಾಳೂ ಪಕ್ಕದಲ್ಲಿ ಎಡಗೈ ಇಟ್ಟಳು. ಮಣ್ಣು ಮೇಲೆ ಬೆಚ್ಚಗಿತ್ತು, ಒಳಗೆ ತಂಪಿತ್ತು. ಅವಳು ಮೊಬೈಲು ತೆಗೆದು ಫೆಬ್ರವರಿಯ ತನ್ನ ಸಾಲನ್ನು ‘ಹತ್ತಲಾಗಲಿಲ್ಲ’ ಎಂಬ ಕಾಲಮ್ಮಿಗೆ ಸರಿಸಿದಳು. ಅದರಲ್ಲಿ ಮೊದಲ ಹೆಸರು ಅವಳದಾಯಿತು. ಅವರು ಕನ್ನಡಕ ಒರೆಸಿಕೊಂಡು ತಮ್ಮ ಏಪ್ರಿಲ್‌ನದನ್ನು ಅದರ ಕೆಳಗೆ ತಂದರು. ಬಿಂದುಶ್ರೀಗೆ ಏನು ಹೇಳುವುದು ಎಂದು ಅವಳು ಕೇಳಿದಳು. ಏನೂ ಹೇಳುವುದು ಬೇಡ, ಓದಿಕೊಳ್ಳುತ್ತಾಳೆ, ಬುದ್ಧಿವಂತೆ ಅಂದರು. ಆಮೇಲೆ ಇವತ್ತಿನ ತಾರೀಖು ಹಾಕಿ, ‘ಸಿಗಲಿಲ್ಲ’ ಎಂಬ ಕಡೆ ಇಬ್ಬರ ಹೆಸರಿನಲ್ಲೂ ಬರೆದಳು: ಕಲ್ಲು ಇಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಕಿತ್ತಿದ್ದಾರೆ. ಗುಂಡಿಯಿದೆ, ಗುಂಡಿಯಲ್ಲಿ ಸೀತಾಫಲದ ಗಿಡವಿದೆ. ಮಣ್ಣು ಮುಟ್ಟಿದ್ದೇವೆ.

“ಹಾಗಾದ್ರೆ ನಿಮ್ದು ಮೂವತ್ತೊಂಬತ್ತು,” ಅಂದರು ಅವರು. “ನಾಣಿ ನಲವತ್ತು ಅಂತ ಬ್ಯಾನರ್ ಕಟ್ಟೇಬಿಟ್ಟಿದಾನೆ.”

“ಬಿಚ್ಚಿ ಮಡಿಸಿಡೋಕೆ ಹೇಳಿ ಸಾರ್. ಮುಂದಿನ ತಿಂಗಳು ಬೇಕಾಗುತ್ತೆ. ಕೇಸರಿಬಾತು ಇವತ್ತೇ ತಿನ್ನೋಣ.”

ಚನ್ನವೀರೇಶನಿಗೆ ಹೇಳಬೇಕು. ಸೀರೆ ಉಟ್ಟುಕೊಂಡೇ ಹೇಳಬೇಕು, ಅವನು ಅಷ್ಟು ಕಷ್ಟಪಟ್ಟಿದ್ದಾನೆ. ಮೂವತ್ತೆರಡನೇದು ಇಲ್ಲ ಎಂದರೆ ಅವನ ಬಾಯಿಪಾಠವೆಲ್ಲ ಒಂದೊಂದು ಸಂಖ್ಯೆ ಹಿಂದಕ್ಕೆ ಬರುತ್ತದೆ, ಸ್ವಲ್ಪ ಗೊಣಗುತ್ತಾನೆ. ಅದನ್ನು ಯೋಚಿಸುತ್ತ ಲಿಂಗಮ್ಮನ ಎರಡು ಹಣ್ಣಿನಲ್ಲಿ ಒಂದನ್ನು ಮೋಹನ್ ಕುಮಾರರಿಗೆ ಕೊಟ್ಟಳು. ಇಬ್ಬರೂ ಬೀಜ ಉಗಿಯುತ್ತ ಕೂತಿದ್ದಾಗ ಗುಂಡಿಯ ಆಚೆ ಅಂಚಿನ ಕಲ್ಲಿನ ಮೇಲೆ ಏನೋ ಸರಿದಾಡಿತು. ಕೆಂಪು ಕತ್ತು, ಕಪ್ಪು ಬೆನ್ನು, ಉದ್ದ ಬಾಲ. ಬಿಸಿಲಿಗೆ ಮೈಯೊಡ್ಡಿ ಕೂತು ಅದು ಇವರತ್ತ ನೋಡಿ ತಲೆ ಆಡಿಸಿತು.

ಮೋಹನ್ ಕುಮಾರ್ ಬಾಯಲ್ಲಿದ್ದ ಬೀಜವನ್ನು ಹಾಗೇ ಹಿಡಿದುಕೊಂಡು, “ಇದನ್ನ ಮಾತ್ರ ಬರೀಬೇಡಿ ಮೇಡಂ,” ಎಂದು ಪಿಸುಗುಟ್ಟಿದರು. “ಯಾರೂ ನಂಬಲ್ಲ.”

ಅವಳು ಬರೆಯಲಿಲ್ಲ. ಮೊಬೈಲನ್ನು ಚೀಲದೊಳಗೆ ಹಾಕಿದಳು. ಓತಿಕ್ಯಾತ ಓಡಿಹೋಗದ ಹಾಗೆ ಮೆಲ್ಲಗೆ ಮುಂದಕ್ಕೆ ಬಾಗಿ, “ನಮ್ಮನೆಯವರು ನಿನಗೆ ನಮಸ್ಕಾರ ಹೇಳ್ಯಾರ,” ಅಂದಳು.